ಬ್ರೇಕಿನ ಮೇಲಿನ ಕಾಲು

ಬಲಕ್ಕೆ ತಿರುಗುವ ಮೊದಲು ಕಾರು ಕೂದಲೆಳೆಯಷ್ಟು ಎಡಕ್ಕೆ ಸರಿದು, ಆಮೇಲೆ ನಯವಾಗಿ ಬಲಕ್ಕೆ ಹೊರಳಿಕೊಂಡಿತು. ನಾರ್ಬರ್ಟನ ಹೊಟ್ಟೆಯೊಳಗೆ ಸಣ್ಣಗೆ ಉರಿ ಹತ್ತಿತು. ಅವನ ಜೊತೆ ಕೆಲಸ ಮಾಡುವ ತೆವೀಟ ಕಾರು ತಿರುಗಿಸುವುದು ಹೀಗೆಯೇ. ಸ್ಟಿಯರಿಂಗ್ ಹಿಡಿದವರು ಯಾರೂ ಇರಲಿಲ್ಲ. ಚಾಲಕನ ಸೀಟಿನಲ್ಲಿ ಕೂತಿದ್ದವನು ನಾರ್ಬರ್ಟನೇ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಲಗಾಲನ್ನು ಬ್ರೇಕಿನ ಮೇಲೆ ಒಂದಂಗುಲ ಎತ್ತರದಲ್ಲಿ ತೇಲಿಸಿಕೊಂಡು. ಕಂಪನಿ ಅವನಿಗೆ ಸಂಬಳ ಕೊಡುತ್ತಿದ್ದದ್ದು ಆ ಒಂದು ಕಾಲಿಗೆ. ಕಾರು ತನ್ನಷ್ಟಕ್ಕೆ ತಾನು ಓಡಬೇಕು, ಅದು ಎಡವಿದರೆ ಇವನು ತುಳಿಯಬೇಕು. ಹೀಗೆ ದಿನಕ್ಕೆ ಆರು ತಾಸು ಫ್ರೀಮಾಂಟಿನ ಬೀದಿಗಳಲ್ಲಿ ತಾನು ಓಡಿಸದ ಕಾರಿನಲ್ಲಿ ಕೂತು, ಪ್ರತಿ ತಿರುವಿನಲ್ಲೂ ಇನ್ನೊಬ್ಬನ ಕೈಚಳಕವನ್ನು ಕಂಡು ಕರುಬುತ್ತಾ ಅವನು ಐವತ್ಮೂರನೆಯ ವರ್ಷವನ್ನು ಕಳೆಯುತ್ತಿದ್ದ. ಲಿನೆಟ್ ಅಂತ ಹೆಸರಿಟ್ಟಿದ್ದರು ಕಾರಿಗೆ. ಅದು ಯಾರೋ ಬರೆದುಕೊಟ್ಟ ನಿಯಮದಿಂದ ಓಡುವುದಿಲ್ಲ, ಮನುಷ್ಯರು ಓಡಿಸಿದ್ದನ್ನು ನೋಡಿ ನೋಡಿ ಕಲಿತಿದೆ. ನಾಲ್ಕು ವರ್ಷಗಳಿಂದ ಮೂವತ್ತು ಚಾಲಕರು ಓಡಿಸಿದ್ದೆಲ್ಲ ಚಿತ್ರವಾಗಿ ಅದರೊಳಗೆ ಇಳಿದಿದೆ, ಹೆಸರಿಲ್ಲದೆ ಬರೀ ನಂಬರಿನ ಮೇಲೆ. ಆದರೂ ಹೋದ ವರ್ಷ ಒಬ್ಬ ಎಂಜಿನಿಯರು ಯಾವುದೋ ಲೆಕ್ಕ ತೆಗೆದು, ತಿರುವುಗಳಲ್ಲಿ ಕಾರು ಅತಿ ಹೆಚ್ಚು ಕಲಿತದ್ದು ತೆವೀಟನಿಂದ ಅಂತ ಕಂಡುಹಿಡಿದ. ಆವತ್ತಿನಿಂದ ಕ್ಯಾಂಟೀನಿನ ಗೋಡೆಯ ಮೇಲೆ ತೆವೀಟನ ಆಳೆತ್ತರದ ಚಿತ್ರ. ಕಿವಿಯಿಂದ ಕಿವಿಗೆ ನಗು, ಸ್ಟಿಯರಿಂಗಿನ ಮೇಲೆ ಎರಡೇ ಎರಡು ಬೆರಳು. ಆ ಎರಡು ಬೆರಳನ್ನು ಮೊದಲ ದಿನ ಸರಿಯಾದ ಜಾಗದಲ್ಲಿ ಇರಿಸಿಕೊಟ್ಟವನು ಯಾರು? ನಾರ್ಬರ್ಟ್. ಸೋಫಾ, ಮಂಚ ಸಾಗಿಸುವ ವ್ಯಾನು ಓಡಿಸಿಕೊಂಡಿದ್ದ ಆ ಟೊಂಗಾ ದ್ವೀಪದ ಹುಡುಗನಿಗೆ ಕನ್ನಡಿ ನೋಡುವುದನ್ನು ಹೇಳಿಕೊಟ್ಟವನು ಯಾರು?

ಈ ಕಂಪನಿಗೆ ಬರುವ ಮೊದಲು ಹತ್ತೊಂಬತ್ತು ವರ್ಷ ನಾರ್ಬರ್ಟ್ ಸಿಟಿ ಬಸ್ಸು ಓಡಿಸಿದ್ದ, ಒಂದೇ ಒಂದು ಅಪಘಾತವಿಲ್ಲದೆ. ಬೆಳ್ಳಿ ಬಣ್ಣದ ಪದಕ ಮನೆಯ ಷೋಕೇಸಿನಲ್ಲಿ ಹೆಂಡತಿ ಒಡೀಲಿಯಳ ಸಂತರ ಮೂರ್ತಿಗಳ ನಡುವೆ ಕೂತಿದೆ, ಅವಳು ಹಬ್ಬಕ್ಕೊಮ್ಮೆ ಅದನ್ನೂ ಒರೆಸುತ್ತಾಳೆ. ನಲವತ್ತು ಅಡಿಯ ಬಸ್ಸನ್ನು ನಿಮಿಷ ತಪ್ಪದೆ ಓಡಿಸುವುದೆಂದರೆ ತಮಾಷೆಯಲ್ಲ. ಜನ ರಸ್ತೆ ದಾಟುವಾಗ ಫೋನು ನೋಡುತ್ತಾ ಮದುವೆ ದಿಬ್ಬಣದ ಹಾಗೆ ನಡೆಯುತ್ತಾರೆ. ಹಾರನ್ ಹೊಡೆದರೆ ದೂರು ಬರೆಯುತ್ತಾರೆ. ಅದಕ್ಕೆ ಹಳೆಯ ಚಾಲಕರೆಲ್ಲ ಒಂದು ಉಪಾಯ ಮಾಡುತ್ತಿದ್ದರು. ದಾಟುವವನು ರಸ್ತೆಯ ನಡು ಮೀರಿ ಎರಡು ಹೆಜ್ಜೆ ಇಟ್ಟ ಕೂಡಲೇ ಬ್ರೇಕನ್ನು ಚೂರು ಸಡಿಲಿಸಬೇಕು. ಗಾಳಿಯ ಬ್ರೇಕು ಉಸ್ಸೆನ್ನುತ್ತದೆ, ಬಸ್ಸು ಒಂದು ಗೇಣು ಮುಂದೆ ಜರುಗುತ್ತದೆ, ಅಷ್ಟೇ. ದಾಟುವವನ ಕಾಲು ತಾನಾಗಿ ಚುರುಕಾಗುತ್ತದೆ. ಬೈಗುಳವಿಲ್ಲ, ಹಾರನ್ನಿಲ್ಲ. ನಾರ್ಬರ್ಟನ ಉಸ್ಸು ಡಿಪೋದಲ್ಲೇ ಹೆಸರುವಾಸಿಯಾಗಿತ್ತು. ಕಾರು ಈಗ ಲಾಂಡ್ರಿ ಅಂಗಡಿಯ ಮೂಲೆಗೆ ಬಂದು ಬಿಳಿ ಗೆರೆಯ ಹಿಂದೆ ಮರ್ಯಾದೆಯಿಂದ ನಿಂತಿತು. ನಿಲ್ಲಿಸುವುದೂ ತೆವೀಟನ ಹಾಗೇ, ತೊಟ್ಟಿಲು ನಿಲ್ಲಿಸಿದ ಹಾಗೆ. ಒಬ್ಬ ಫಿಲಿಪಿನೊ ಮುದುಕಿ ಎರಡು ಗಾಲಿಯ ಕೈಗಾಡಿಯಲ್ಲಿ ತರಕಾರಿ ಎಳೆದುಕೊಂಡು ದಾಟುತ್ತಿದ್ದಳು. ಶುಕ್ರವಾರ ಇದೇ ಕಾರು ಹೂಡಿಕೆದಾರರ ಎದುರಿಗೆ ಚಾಲಕನೇ ಇಲ್ಲದೆ ಕಾರ್ಖಾನೆಯ ಗೇಟು ದಾಟಿ ಊರೊಳಗೆ ಹೋಗಲಿದೆ. ಹಿಂದಿನ ಸೀಟಿನಲ್ಲಿ ಕೈಬೀಸುತ್ತಾ ಕೂರಲು ಆರಿಸಿದ್ದು ತೆವೀಟನನ್ನು. ಅದು ತನಗೇ ಸಿಗುತ್ತದೆ ಅಂತ ನಾರ್ಬರ್ಟ್ ಹೆಂಡತಿಗೆ ಹೇಳಿಯೂ ಆಗಿತ್ತು, ಅವಳು ಅವನ ನೀಲಿ ಕೋಟನ್ನು ಇಸ್ತ್ರಿಗೆ ಕೊಟ್ಟೂ ಆಗಿತ್ತು. ಮುದುಕಿ ನಡು ದಾಟಿದಳು. ಅವಳ ಗಾಡಿಯಿಂದ ಒಂದು ಹಾಗಲಕಾಯಿ ಕೆಳಗೆ ಬಿತ್ತು. ಅವಳು ಅದಕ್ಕಾಗಿ ಹಿಂದಕ್ಕೆ ತಿರುಗಿ ಬಗ್ಗಿದಳು, ಮತ್ತು ಕಾರು ಹೊರಟಿತು.

ಅವನ ಕಾಲು ತುಳಿದಿತ್ತು. ಯೋಚನೆ ಬಂದದ್ದು ಆಮೇಲೆ. ಕಾರಿಗೂ ಅವಳ ಬಗ್ಗಿದ ತಲೆಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಮುದುಕಿ ನಿಧಾನವಾಗಿ ನೆಟ್ಟಗಾಗಿ, ಹಾಗಲಕಾಯಿ ಹಿಡಿದ ಕೈಯಿಂದಲೇ ಬಾನೆಟ್ಟಿನ ಮೇಲೆ ರಪ್ಪನೆ ಬಡಿದಳು.

"ಏನೋ, ಕಣ್ಣಿಲ್ವೇನೋ ನಿಂಗೆ? ಸದ್ದಿಲ್ದೆ ಬೆನ್ನಿಗೆ ಬರ್ತೀಯಲ್ಲ, ಕಳ್ಳ ಬೆಕ್ಕು ಬಂದಂಗೆ!"

ಅವನು ಗಾಜು ಇಳಿಸಿದ. "ನಾನಲ್ಲಮ್ಮ. ಕಾರು ಅದರಷ್ಟಕ್ಕೆ..."

"ಕಾರಂತೆ! ಕುಡಿದೋನು ನಾನಲ್ಲ, ಬಾಟ್ಲಿ ಅಂದ್ನಂತೆ. ಕೈ ಯಾತಕ್ಕೆ ಇಟ್ಟಿದಾನೆ ದೇವ್ರು ನಿಂಗೆ, ಮಡಚಿಕೊಂಡು ಕೂರಕ್ಕಾ?"

ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದ ಇಬ್ಬರು ನಕ್ಕರು. ಮಾಡದ ತಪ್ಪಿಗೆ ನಡುಬೀದಿಯಲ್ಲಿ ಉಗಿಸಿಕೊಂಡು ನಾರ್ಬರ್ಟನ ಕಿವಿ ಬಿಸಿಯಾಯಿತು. ಅವನು ಕೆಂಪು ಗುಂಡಿ ಒತ್ತಿದ. ಕಾರಿನ ಕೈಯಿಂದ ಓಟವನ್ನು ಕಿತ್ತುಕೊಂಡಾಗಲೆಲ್ಲ ಚಾಲಕ ಆ ಗುಂಡಿ ಒತ್ತಿ ತನ್ನ ನಂಬರು, ಜಾಗ, ಕಾರಣ ಹೇಳಿ, ಕೊನೆಗೆ 'ಅಗತ್ಯ' ಅಥವಾ 'ಅನಗತ್ಯ' ಅಂತ ತನ್ನ ದನಿಯಲ್ಲೇ ನುಡಿಯಬೇಕು. ಅದು ಕಂಪನಿಯ ಕಟ್ಟಳೆ. ಅಗತ್ಯ ಅಂದದ್ದೆಲ್ಲ ಇಂಥ ಕಾರುಗಳಿಗೆ ಅನುಮತಿ ಕೊಡುವ ಸ್ಯಾಕ್ರಮೆಂಟೊದ ಸರ್ಕಾರಿ ಕಚೇರಿಗೆ ಹೋಗುತ್ತದೆ, ಅನಗತ್ಯ ಅಂದದ್ದು ಎಲ್ಲಿಗೂ ಹೋಗುವುದಿಲ್ಲ. "ತೊಂಬತ್ಮೂರು," ಅಂದ. "ಲಾಂಡ್ರಿ ಮೂಲೆ. ಮುದುಕಿ ಇನ್ನೂ ರಸ್ತೇಲಿ ಇದ್ದಾಗ್ಲೇ ಕಾರು ಹೊರಟಿತು. ಅಗತ್ಯ." ಹೇಳುತ್ತಿದ್ದ ಹಾಗೆ ಅವನಿಗೆ ಎದೆಯಲ್ಲಿ ಏನೋ ಅರಳಿದಂತಾಯಿತು. ಅದು ಸಂತೋಷ ಅಂತ ಗೊತ್ತಾದಾಗ ನಾಚಿಕೆಯಾಯಿತು, ಆದರೂ ಸಂತೋಷ ಹೋಗಲಿಲ್ಲ. ಸಿಕ್ಕಿಬಿದ್ದ ಮಗ. ಗೋಡೆಯ ಮೇಲೆ ಹಲ್ಲು ಕಿರಿಯುವವನ ಓಟದಲ್ಲಿ ಹುಳುಕು ಇದೆ. ಒಬ್ಬ ಮುದುಕಿಯ ತಲೆ ಇನ್ನೇನು ಒಡೆಯುವುದರಲ್ಲಿತ್ತು, ತಾನು ಇಲ್ಲಿ ಕೂತು ಸಂಭ್ರಮಿಸುತ್ತಿದ್ದೇನೆ ಅನ್ನುವುದೂ ಅವನಿಗೆ ಗೊತ್ತಿತ್ತು.

ಕ್ಯಾಂಟೀನಿನಲ್ಲಿ ಆ ಚಿತ್ರಕ್ಕೆ ಬೆನ್ನು ಹಾಕಿ ಕೂರುವುದು ಅವನ ವಾಡಿಕೆ. ತಟ್ಟೆಯಲ್ಲಿ ಒಡೀಲಿಯ ಕಟ್ಟಿಕೊಟ್ಟ ಸಿಹಿ ಬ್ರೆಡ್ಡು, ಅದರೊಳಗೆ ಹುರಿದ ಲಿಂಗ್ವೀಸ ಸಾಸೇಜು. ತೆವೀಟ ತನ್ನ ಡಬ್ಬಿ ಎತ್ತಿಕೊಂಡು ಬಂದು ಎದುರಿಗೇ ಕೂತ. ಆರಡಿ ಮೂರಂಗುಲದ ಆಳು ಕೂತರೆ ಮೇಜೇ ಕುಗ್ಗಿದ ಹಾಗೆ ಕಾಣುತ್ತದೆ. "ಅಣ್ಣಾ, ಅಮ್ಮ ಲೂ ಮಾಡಿದಾಳೆ. ನಿನಗೆ ಅಂತಲೇ ಒಂದು ಕಟ್ಟು ಜಾಸ್ತಿ ಇಟ್ಟಿದಾಳೆ," ಅಂತ ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಮಾಂಸದ ಪೊಟ್ಟಣವನ್ನು ಅವನ ತಟ್ಟೆಗೆ ಜಾರಿಸಿದ. ಪಕ್ಕದ ಮೇಜಿನಿಂದ ಬ್ಯಾಟರಿ ವಿಭಾಗದವನೊಬ್ಬ ಕೂಗಿದ: "ನಾರ್ಬರ್ಟ್ ಸಾಹೇಬ್ರೇ, ಇವತ್ತು ಎಷ್ಟು ಸಲ ತುಳಿದ್ರಿ? ವಾರಕ್ಕೆ ಹನ್ನೊಂದಂತೆ! ಬ್ರೇಕಲ್ಲಿ ಏನಾದ್ರೂ ಹರಕೆ ಇದೆಯಾ?" ಎಲ್ಲರೂ ಗೊಳ್ಳೆಂದರು. ತೆವೀಟ ನಗಲಿಲ್ಲ. "ಸುಮ್ನಿರ್ರೋ, ಅಣ್ಣ ತುಳೀತಾರೆ ಅಂದ್ರೆ ಕಾರಣ ಇರುತ್ತೆ," ಅಂದ. ಆ ಮಾತು ನಗುವಿಗಿಂತ ಹೆಚ್ಚು ಚುಚ್ಚಿತು. ಇವನು ಯಾರು ನನ್ನ ಪರ ವಹಿಸುವುದಕ್ಕೆ? ಈ ವಾರ ತೆವೀಟ ತುಳಿದದ್ದು ಸೊನ್ನೆ ಸಲ. ಅದೇ ಬೀದಿ, ಅದೇ ಲಾಂಡ್ರಿ ಮೂಲೆ, ಸೊನ್ನೆ. ತನ್ನ ಓಟದ ತಪ್ಪು ತನಗೆ ಕಂಡೀತು ಹೇಗೆ, ಹೆತ್ತವರಿಗೆ ಹೆಗ್ಗಣ ಮುದ್ದು, ಅಂದುಕೊಂಡ ನಾರ್ಬರ್ಟ್. ಲೂ ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದಕ್ಕೂ ಅವನಿಗೆ ಸಿಟ್ಟು ಬಂತು. ಪೂರ್ತಿ ತಿಂದ.

ಸುರಕ್ಷತಾ ವಿಭಾಗದ ಮುಖ್ಯಸ್ಥೆ ಇಂಗ್ರಿಡ್ ಒಂದೂವರೆಗೆ ಅವನನ್ನು ಕರೆಸಿದಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಕಂಪನಿಯಲ್ಲಿ ಎಲ್ಲರ ಕಣ್ಣಿನ ಕೆಳಗೂ ಹಾಗೆಯೇ ಇತ್ತು ಆ ವಸಂತದಲ್ಲಿ. ಷೇರು ಅರ್ಧಕ್ಕೆ ಇಳಿದಿತ್ತು, ಕಾರ್ಖಾನೆಯಲ್ಲಿ ರಾತ್ರಿ ಪಾಳಿಯನ್ನು ಮುಚ್ಚಿ ಆಗಿತ್ತು. ತಾನೇ ಓಡುವ ಕಾರು ಈ ಸಲ ಖಂಡಿತ ಅಂತ ಮೂರು ವರ್ಷದಿಂದ ಹೇಳುತ್ತಾ ಬಂದದ್ದನ್ನು ಇನ್ನು ಯಾರೂ ನಂಬುವ ಹಾಗಿರಲಿಲ್ಲ. ಶುಕ್ರವಾರದ ಮೆರವಣಿಗೆ ಮುಗಿದ ಕೂಡಲೇ ಆ ವಿದ್ಯೆಯನ್ನು ಕಂಪನಿ ಈಗಾಗಲೇ ಮಾರಿದ ಒಂದು ಲಕ್ಷ ನಲವತ್ತು ಸಾವಿರ ಕಾರುಗಳಿಗೆ ಇಂಟರ್ನೆಟ್ಟಿನ ಮೂಲಕ ಇಳಿಸುವುದು ಅಂತ ನಿಶ್ಚಯವಾಗಿತ್ತು.

"ಕೂತ್ಕೊಳ್ಳಿ. ಬೆಳಗ್ಗೆದು ನೋಡ್ದೆ. ಕಾರು ಎಷ್ಟು ವೇಗದಲ್ಲಿತ್ತು ಗೊತ್ತಾ? ಗಂಟೆಗೆ ಎರಡು ಮೈಲಿ. ಇನ್ನೊಂದು ಕ್ಷಣಕ್ಕೆ ತಾನೇ ನಿಲ್ತಿತ್ತು ಅಂತಾರೆ ಎಂಜಿನಿಯರುಗಳು."

"ಅವರ ಅಜ್ಜಿನ ನಿಲ್ಲಿಸಿ ನೋಡೋಕೆ ಹೇಳಿ."

ಇಂಗ್ರಿಡ್ ಪೆನ್ನು ಕೆಳಗಿಟ್ಟಳು. "ನಾರ್ಬರ್ಟ್, ನೇರವಾಗಿ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇದು ಕಾರಿನ ವಿಷಯಾನಾ, ತೆವೀಟನ ವಿಷಯಾನಾ? ನಿಮಗೆ ಹೊಟ್ಟೆಕಿಚ್ಚು ಅಂತ ಗೇಟಲ್ಲಿರೋ ಕಾವಲುಗಾರನಿಗೂ ಗೊತ್ತು."

ಹೌದು ಅನ್ನುವುದು ಹೇಗೆ, ಅಲ್ಲ ಅನ್ನುವುದು ಹೇಗೆ? ಕಂಡದ್ದು ನಿಜ. ಆದರೆ ಕಂಡ ಕಣ್ಣು ಕೆಂಪಾಗಿತ್ತು. ಚಿಕ್ಕಂದಿನಲ್ಲಿ ತಮ್ಮ ಕದ್ದ ಅಂಜೂರದ ಹಣ್ಣಿನ ಬಗ್ಗೆ ಅಪ್ಪನಿಗೆ ಚಾಡಿ ಹೇಳಿದಾಗಲೂ ಹೀಗೇ ಆಗಿತ್ತು. ತಮ್ಮ ಕದ್ದದ್ದು ನಿಜವೇ, ಆದರೂ ಅಪ್ಪ ಹೊಡೆದದ್ದು ಇವನಿಗೆ, ಹೇಳುವಾಗ ನಿನ್ನ ಮುಖ ನೋಡಿಕೋ ಅಂತ. "ನನ್ನ ಹೊಟ್ಟೆ ಉರಿದರೆ ಮುದುಕಿ ತಲೆ ಗಟ್ಟಿಯಾಗುತ್ತಾ ಮೇಡಂ?" ಅಂದ ಕೊನೆಗೆ.

ಇಂಗ್ರಿಡ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ನೀವು ಅದನ್ನ ಅನಗತ್ಯ ಅಂತ ಬದಲಾಯಿಸಿದ್ರೆ ಶುಕ್ರವಾರ ನಡಿಯುತ್ತೆ. ಅಗತ್ಯ ಅಂತಲೇ ಬಿಟ್ರೆ ನಿಲ್ಲುತ್ತೆ. ನಿಂತ್ರೆ ಎರಡನೇ ಪಾಳಿನೂ ಮುಚ್ತಾರೆ, ಆರುನೂರು ಜನ. ನಾನು ಹೇಳ್ತಿರೋದು ಬೆದರಿಕೆ ಅಲ್ಲ, ಇರೋ ವಿಷಯ. ಹಾವೂ ಸಾಯ್ಬಾರ್ದು ಕೋಲೂ ಮುರೀಬಾರ್ದು ಅನ್ನೋ ದಾರಿ ನಂಗಂತೂ ಕಾಣ್ತಿಲ್ಲ."

"ಯಾರಿಂದ ಕಲಿತಿದೆ ಅಂತ ಹುಡುಕಿ ಮೇಡಂ. ಹುಡುಕಿದ್ರೆ ಗೊತ್ತಾಗುತ್ತೆ. ಅವನ ಓಟ ಪೂರ್ತಿ ಕಿತ್ತು ಹಾಕಿ."

"ಕಿತ್ತು ಹಾಕೋದು ಅಂದ್ರೆ ಒಂದು ಮೂಲೇದು ಮಾತ್ರ ಆಗಲ್ಲ. ಆ ಮನುಷ್ಯ ಓಡ್ಸಿದ್ದು ಒಂದಕ್ಕೊಂದು ಹೆಣ್ಕೊಂಡಿರುತ್ತೆ. ತೆಗೆದ್ರೆ ಬೇರು ಸಮೇತ. ಕಾರಿಗೆ ಮತ್ತೆ ಮೊದಲಿಂದ ಕಲಿಸ್ಬೇಕು, ಎಂಟು ವಾರ."

"ಬೇರು ಸಮೇತಾನೇ ತೆಗೀರಿ," ಅಂದ ನಾರ್ಬರ್ಟ್. ತನ್ನ ದನಿಯಲ್ಲಿದ್ದ ರುಚಿ ಅವನಿಗೇ ಕೇಳಿಸಿತು.

ಅವಳು ಅವನಿಗೆ ಒಂದು ಕೋಣೆಯ ಬೀಗ ತೆಗೆಸಿಕೊಟ್ಟು, ನಾಲ್ಕು ಗಂಟೆಯೊಳಗೆ ಬಂದು ಹೇಳಿ ಅಂದಳು. ಪರದೆ ಎಳೆದ ಸಣ್ಣ ಕೋಣೆ, ಒಂದು ದೊಡ್ಡ ತೆರೆ. ಲಾಂಡ್ರಿ ಮೂಲೆಯಲ್ಲಿ ಹೊರಡುವುದನ್ನು ಕಾರು ಯಾವ ಯಾವ ಓಟಗಳಿಂದ ಕಲಿಯಿತೋ ಅವನ್ನೆಲ್ಲ ಯಂತ್ರ ಹೆಕ್ಕಿ ತಂದು ಸಾಲಾಗಿ ಇಟ್ಟಿತ್ತು. ಅರವತ್ತೆರಡು ತುಣುಕುಗಳು. ಚಾಲಕರ ನಂಬರು ಮುಚ್ಚಿತ್ತು, ಕೊನೆಗೆ ಒಂದು ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಅವನು ತಕ್ಷಣ ಒತ್ತಲಿಲ್ಲ. ಹಬ್ಬದ ಊಟದಲ್ಲಿ ಹೋಳಿಗೆಯನ್ನು ಕೊನೆಗೆ ಇಟ್ಟುಕೊಂಡ ಹಾಗೆ ಅದನ್ನು ಕೊನೆಗೆ ಉಳಿಸಿಕೊಂಡು ಒಂದೊಂದೇ ನೋಡತೊಡಗಿದ. ಮುಂಗಾಜಿನಾಚೆ ರಸ್ತೆ. ಊರುಗೋಲಿನವನೊಬ್ಬ ನಡು ದಾಟುತ್ತಾನೆ, ಎರಡು ಹೆಜ್ಜೆ, ಕಾರು ಒಂದು ಗೇಣು ಜರುಗುತ್ತದೆ. ಅವನಿಗೆ ಗೊತ್ತಾಗುವುದೇ ಇಲ್ಲ. ಮಗುವಿನ ಗಾಡಿ ತಳ್ಳುವ ಹೆಂಗಸು, ಎರಡು ಹೆಜ್ಜೆ, ಒಂದು ಗೇಣು. ಅವಳು ಬೆಚ್ಚಿ ಬೇಗ ಬೇಗ ನಡೆಯುತ್ತಾಳೆ. ಎಂಥಾ ಪೋಕರಿ ಇವನು, ಎಷ್ಟು ಸಲೀಸಾಗಿ ಹೆದರಿಸುತ್ತಾನೆ ಜನರನ್ನು, ಅಂತ ನಾರ್ಬರ್ಟ್ ಖುಷಿಯಿಂದ ತಲೆಯಾಡಿಸಿದ. ಇನ್ನು ಕ್ಯಾಂಟೀನಿನ ಗೋಡೆ ಖಾಲಿಯಾಗುತ್ತದೆ. ಒಡೀಲಿಯಳಿಗೆ ಹೇಳಬೇಕು, ಇಲ್ಲ, ಹೇಳಬಾರದು, ಅವಳು ತೆವೀಟನ ತಾಯಿಯ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾಳೆ. ಹದಿನೇಳನೆಯದೋ ಹದಿನೆಂಟನೆಯದೋ ತುಣುಕಿನಲ್ಲಿ ಸಂಜೆ ಬಿಸಿಲು ಎದುರಿಗಿತ್ತು. ಮುಂಗಾಜಿನ ಕೆಳಮೂಲೆಯಲ್ಲಿ ಏನೋ ಸಣ್ಣದು ಹೊಳೆಯುತ್ತಿತ್ತು, ಡ್ಯಾಷ್‌ಬೋರ್ಡಿನ ಮೇಲೆ ಇಟ್ಟದ್ದರ ಪ್ರತಿಬಿಂಬ. ಕೆಂಪು ಶಾಲು ಹೊದ್ದ, ಕಿರೀಟವಿಟ್ಟ ಬೆರಳುದ್ದದ ಕ್ರಿಸ್ತ. ನಾರ್ಬರ್ಟ್, ಒಡೀಲಿಯರ ಹಿರಿಯರು ಬಿಟ್ಟುಬಂದ ದ್ವೀಪದ ಮೂರ್ತಿ. ಹೊಸ ಕೆಲಸ ಸಿಕ್ಕಾಗ, ಯಂತ್ರಕ್ಕೆ ಕಲಿಸಲೆಂದು ಅವನು ಓಡಿಸುತ್ತಿದ್ದ ಕಾರಿಗೆ ಒಡೀಲಿಯ ಅಂಟಿಸಿಕೊಟ್ಟದ್ದು. ಕಾರಿನೊಳಗೆ ಏನೂ ಅಂಟಿಸಬಾರದು ಅಂತ ಕಂಪನಿ ಎರಡೇ ತಿಂಗಳಿಗೆ ಕೀಳಿಸಿತ್ತು.

ಅವನು ಗುಂಡಿ ಒತ್ತಿದ. ತೊಂಬತ್ಮೂರು. ತೊಂಬತ್ಮೂರು. ತೊಂಬತ್ಮೂರು. ಅರವತ್ತೆರಡರಲ್ಲಿ ಐವತ್ತೆಂಟು. ಅವನದೇ ನಂಬರು. ಆದರೆ ಮೊದಲು ಬಂದದ್ದು ದುಃಖವಲ್ಲ, ಅವಮಾನವೂ ಅಲ್ಲ. ಯಾರೂ ನೋಡದ ಆ ಕೋಣೆಯಲ್ಲಿ ನಾರ್ಬರ್ಟ್ ಸಿಲ್ವೇರ ಮುಗುಳ್ನಕ್ಕ. ಹಾಗಾದರೆ ಕಾರು ನನ್ನನ್ನೂ ಕಲಿತಿದೆ! ತಿರುವು ಅವನದಾದರೆ ಕಾಯುವುದು ನನ್ನದು, ಹೊರಡುವುದು ನನ್ನದು. ಹೊಟ್ಟೆಯ ಉರಿಗೆ ಯಾರೋ ತಣ್ಣೀರು ಹೊಯ್ದ ಹಾಗಾಯಿತು. ಬಸ್ಸಿನ ಡಿಪೋದಲ್ಲಿ ಈಗ ಅವನ ಹೆಸರು ಗೊತ್ತಿರುವವರೂ ಇಲ್ಲ. ಆದರೆ ಶುಕ್ರವಾರ ಸಂಜೆಯಿಂದ ಒಂದು ಲಕ್ಷ ನಲವತ್ತು ಸಾವಿರ ಕಾರುಗಳು ಅವನು ಕಾದ ಹಾಗೆ ಕಾಯುತ್ತವೆ, ಅವನು ಸತ್ತ ಮೇಲೂ ಯಾವುದೋ ಊರಿನ ಯಾವುದೋ ಮೂಲೆಯಲ್ಲಿ ಎರಡು ಹೆಜ್ಜೆ ಎಣಿಸಿ ಹೊರಡುತ್ತವೆ. ಅನಗತ್ಯ ಅಂತ ಒಂದು ಮಾತು ಬದಲಾಯಿಸಿದರೆ ಸಾಕು. ಆರುನೂರು ಜನ ಉಳಿಯುತ್ತಾರೆ. ಇಂಗ್ರಿಡ್ ನಿದ್ದೆ ಮಾಡುತ್ತಾಳೆ. ನಾನು ಹೊಟ್ಟೆಕಿಚ್ಚಿನವನಲ್ಲ ಅಂತಲೂ ಆಗುತ್ತದೆ. ಬೆಳಗ್ಗೆ ಸಿಕ್ಕಿಬಿದ್ದ ಮಗ ಅಂದವನು ಈಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡು ಆಗಿತ್ತು, ಆದರೂ ಮನಸ್ಸು ನ್ಯಾಯ ಹುಡುಕುತ್ತಲೇ ಇತ್ತು. ಮುದುಕಿಗೇನೂ ಆಗಲಿಲ್ಲವಲ್ಲ. ಹತ್ತೊಂಬತ್ತು ವರ್ಷದಲ್ಲಿ ಯಾರಿಗೂ ಏನೂ ಆಗಿಲ್ಲವಲ್ಲ.

ಕಾಫಿ ಕುಡಿದು ಬರೋಣ ಅಂತ ಅವನು ಗೇಟು ದಾಟಿ ಎರಡು ಬೀದಿ ನಡೆದ. ಮೂರೂಕಾಲು ಗಂಟೆ. ಲಾಂಡ್ರಿಯ ಪಕ್ಕದಲ್ಲೇ ಕಾಫಿ ಅಂಗಡಿ, ರಸ್ತೆಯ ಆಚೆ ಬದಿಗೆ. ಒಂದು ಬಿಳಿ ಲಿನೆಟ್ ಬಂದು ಗೆರೆಯ ಹಿಂದೆ ನಿಂತಿತು, ನೆತ್ತಿಯ ಮೇಲೆ ಪರೀಕ್ಷೆಯ ಕ್ಯಾಮರಾ ಹೊತ್ತುಕೊಂಡು. ಒಳಗೆ ಯಾರಿದ್ದಾರೆ ಅಂತ ಬಿಸಿಲಿಗೆ ಕಾಣಲಿಲ್ಲ. ನಾರ್ಬರ್ಟ್ ದಾಟತೊಡಗಿದ. ತಲೆಯೊಳಗೆ ಇನ್ನೂ ಆ ತುಣುಕುಗಳೇ ಓಡುತ್ತಿದ್ದವು. ನಡು ಬಂತು. ಒಂದು ಹೆಜ್ಜೆ. ಎರಡು. ಏನೂ ಕೇಳಿಸಲಿಲ್ಲ. ಬಸ್ಸಾಗಿದ್ದರೆ ಉಸ್ಸೆನ್ನುತ್ತಿತ್ತು. ಉಸ್ಸೆಂದರೆ ಮನುಷ್ಯ ತಿರುಗಿ ನೋಡುತ್ತಾನೆ, ಬೈಯುತ್ತಾನೆ, ಬದುಕುತ್ತಾನೆ. ಇದಕ್ಕೆ ಉಸಿರೇ ಇಲ್ಲ. ನಾಲ್ಕು ವರ್ಷ ನಾನು ಕಾಲಿನಲ್ಲಿ ಉಸ್ಸೆನಿಸುತ್ತಲೇ ಇದ್ದೆ, ಬ್ಯಾಟರಿಯ ಕಾರಿನಲ್ಲಿ ಗಾಳಿ ಎಲ್ಲಿಂದ ಬರಬೇಕು ಅಂತ ಒಮ್ಮೆಯೂ ಹೊಳೆಯಲಿಲ್ಲ. ಮೀನಖಂಡದ ಹತ್ತಿರ ಏನೋ ದೊಡ್ಡದು ಸರಿದ ತಂಪು ತಾಗಿತು, ಮತ್ತು ಅವನ ಕಾಲುಗಳು ಅವನನ್ನು ಕೇಳದೆ ಚುರುಕಾದವು. ಎಷ್ಟು ಸಾವಿರ ಜನರ ಕಾಲು ಹೀಗೆ ಚುರುಕಾಗಿರಬೇಕು ತನ್ನ ಎದುರಿಗೆ. ಬಸುರಿಯರು, ಮುದುಕರು, ಕಿವಿ ಕೇಳದವರು. ಬಸ್ಸಿನ ಎತ್ತರದ ಸೀಟಿನಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಮುಖ ಹೇಗಾಗುತ್ತಿತ್ತೋ ನೋಡಿರಲಿಲ್ಲ. ಈಗ ತನ್ನ ಮುಖ ಹಾಗೆ ಆಗಿದೆ ಅಂತ ಅವನಿಗೆ ಗೊತ್ತಾಯಿತು. ಹಾಳು ಕಾಲುಗಳನ್ನು ಬಲವಂತವಾಗಿ ನಿಲ್ಲಿಸಿ ಅವನು ರಸ್ತೆಯ ನಡುವೆಯೇ ತಿರುಗಿ ನಿಂತ.

ಕಾರು ಒಂದು ಗೇಣು ಮುಂದೆ ಬಂದು ನಿಂತಿತ್ತು. ಕಿಟಕಿಯಿಂದ ತೆವೀಟನ ದೊಡ್ಡ ತಲೆ ಹೊರಗೆ ಬಂತು. "ಏನಣ್ಣಾ, ಸಾಯೋ ಆಸೆ ಬಂತಾ? ನಡುರಸ್ತೇಲಿ ಧ್ಯಾನಕ್ಕೆ ನಿಂತಿದೀಯಲ್ಲ!"

"ನೀನು ತುಳಿದ್ಯಾ?"

"ಮತ್ತೆ? ಬಾ ಒಳಗೆ, ಹಿಂದೆ ಹಾರನ್ ಹೊಡೀತಿದಾರೆ."

ನಾರ್ಬರ್ಟ್ ಪಕ್ಕದ ಸೀಟಿನಲ್ಲಿ ಕೂತ. ಕೆಂಪು ಗುಂಡಿ ಒತ್ತಿರಲಿಲ್ಲ. ತೆವೀಟ ಬ್ರೇಕನ್ನು ಬರೀ ತಾಗಿಸಿ ಬಿಟ್ಟಿದ್ದ, ಲೆಕ್ಕಕ್ಕೆ ಸಿಗದಷ್ಟು ಮೆಲ್ಲಗೆ. "ದಿನಾ ಹೀಗೇ ಮಾಡ್ತೀಯಾ ಇಲ್ಲಿ?" ಅಂತ ಕೇಳಿದ. ತೆವೀಟ ಮೂಗು ತಿಕ್ಕಿಕೊಂಡ.

"ಬೊಗಳೋ."

"ಮೊದಲನೇ ದಿನಾನೇ ಗೊತ್ತಾಯ್ತು ಅಣ್ಣಾ. ನಿನ್ನ ಪಕ್ಕ ಮೂರು ತಿಂಗಳು ಕೂತಿದೀನಿ, ನಿನ್ನ ಕಾಲು ನಂಗೆ ಗೊತ್ತಾಗಲ್ವಾ? ಇಲ್ಲಿ ಕಾರು ಹಂಗೆ ಜರುಗ್ದಾಗೆಲ್ಲಾ, ಓ, ಅಣ್ಣ ಬಂದ ಅಂತ ಒಬ್ನೇ ನಗ್ತೀನಿ."

"ಯಾಕೆ ಹೇಳ್ಲಿಲ್ಲ? ಗುಂಡಿ ಯಾಕೆ ಒತ್ಲಿಲ್ಲ?"

"ಒತ್ತಿದ್ರೆ ಹುಡುಕ್ತಾರೆ. ಹುಡುಕಿದ್ರೆ ನಿನ್ನ ನಂಬರು ಬರುತ್ತೆ. ನಂಗೆ ಸ್ಟಿಯರಿಂಗ್ ಹಿಡಿಸ್ದೋನು ನೀನು, ನಾನೇ ನಿನ್ನ ಹೆಸ್ರಿಗೆ ಮಸಿ ಬಳೀಲಾ?" ತೆವೀಟನ ದನಿ ಇಳಿಯಿತು. "ನಾನಿರೋವರ್ಗೂ ನನ್ನ ಕಾಲಿದೆಯಲ್ಲ ಅಂದ್ಕೊಂಡಿದ್ದೆ. ಆದ್ರೆ ಶುಕ್ರವಾರ ನಾನು ಹಿಂದಿನ ಸೀಟಲ್ಲಿರ್ತೀನಿ ಅಣ್ಣಾ. ಅಲ್ಲಿಂದ ನನ್ನ ಕಾಲು ಎಟಕಲ್ಲ. ಮೂರು ದಿನದಿಂದ ಅನ್ನ ಸೇರ್ತಿಲ್ಲ ನಂಗೆ."

ಬೈಯಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅನ್ನಿಸಿತು, ಎರಡಕ್ಕಿಂತ ಹೆಚ್ಚಾಗಿ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ತಾನು ಒಂದು ವರ್ಷ ಇವನ ತಪ್ಪಿಗಾಗಿ ಹೊಂಚು ಹಾಕಿದ್ದಾಗ ಇವನು ತನ್ನ ತಪ್ಪನ್ನು ಬಚ್ಚಿಟ್ಟು ಕಾಯುತ್ತಿದ್ದ. ಓಡಿಸುವುದರಲ್ಲಿ ಮಾತ್ರವಲ್ಲ, ಇದರಲ್ಲೂ ಇವನೇ ಮೇಲು. "ನಿನ್ನ ದಯೆ ಯಾರಿಗೆ ಬೇಕಿತ್ತೋ ದಡ್ಡಾ," ಅಂದ ನಾರ್ಬರ್ಟ್. "ಗಾಡಿ ತಿರುಗಿಸು. ನಾಲ್ಕು ಗಂಟೆ ಆಗುತ್ತೆ." ಕಾರು ಕೂದಲೆಳೆಯಷ್ಟು ಎಡಕ್ಕೆ ಸರಿದು, ಬಲಕ್ಕೆ ಹೊರಳಿತು. ಎಷ್ಟು ಚೆನ್ನಾಗಿ ಹೊರಳುತ್ತದೆ, ಹಾಳಾದ್ದು, ಅಂದುಕೊಂಡ.

ಇಂಗ್ರಿಡ್ ತಲೆಯೆತ್ತಿ ಅವನ ಮುಖ ನೋಡಿದಳು. "ಸಿಕ್ಕಿದ್ನಾ?"

"ಸಿಕ್ಕಿದ. ತೊಂಬತ್ಮೂರು."

ಅವಳು ಪಟ್ಟಿಯಲ್ಲಿ ಹುಡುಕಿ, ಬೆರಳನ್ನು ಅಲ್ಲೇ ನಿಲ್ಲಿಸಿದಳು. ಹೊರಗೆ ಎರಡನೆಯ ಪಾಳಿಯವರು ಊಟದ ಡಬ್ಬಿ ಹಿಡಿದು ಗೇಟಿನ ಕಡೆಯಿಂದ ಬರುತ್ತಿದ್ದರು. ಅವರ ಮಾತು, ನಗು ಕಿಟಕಿಯಲ್ಲಿ ಕೇಳಿಸುತ್ತಿತ್ತು. ನಾರ್ಬರ್ಟ್ ಆ ಕಡೆ ನೋಡಲಿಲ್ಲ.

"ಬೇರು ಸಮೇತ ಅಂದಿದ್ರಿ," ಅಂದಳು ಇಂಗ್ರಿಡ್ ಮೆಲ್ಲಗೆ. "ನಾಲ್ಕು ವರ್ಷದ್ದು. ನೀವು ಓಡ್ಸಿದ್ದು ಒಂದು ಚೂರೂ ಉಳಿಯಲ್ಲ ಅದರಲ್ಲಿ. ತಿಳೀತಲ್ಲ?"

"ತಿಳೀತು."

"ಆಗ ಅದು ಬಹುಪಾಲು ತೆವೀಟನೇ."

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಹಳೆಯ ಉರಿ ಮತ್ತೆ ಎದ್ದಿತು, ಬೆಳಗ್ಗಿನಷ್ಟೇ ಬಿಸಿಯಾಗಿ, ಇಷ್ಟೆಲ್ಲ ಆದ ಮೇಲೂ ಚೂರೂ ಕಡಿಮೆಯಾಗದೆ. ಒಂದು ಲಕ್ಷ ನಲವತ್ತು ಸಾವಿರ ಕಾರು, ಎಲ್ಲವೂ ಅವನ ಎರಡು ಬೆರಳು. ಕೊಡಲಾರೆ ಅನ್ನಿಸಿತು ನಾರ್ಬರ್ಟನಿಗೆ. ಇಂಗ್ರಿಡ್ ಮೇಜಿನ ಮೇಲಿದ್ದ ಸಣ್ಣ ಧ್ವನಿಯಂತ್ರವನ್ನು ಅವನ ಕಡೆಗೆ ಸರಿಸಿದಳು. ಕಟ್ಟಳೆಯ ಪ್ರಕಾರ ಅವನ ದನಿಯಲ್ಲೇ ಬರಬೇಕು. ಅವನು ಅದರ ಕೆಂಪು ಗುಂಡಿಯನ್ನು ಒತ್ತಿದ.

"ತೊಂಬತ್ಮೂರು," ಅಂದ. "ಲಾಂಡ್ರಿ ಮೂಲೆ. ಜನ ಇನ್ನೂ ರಸ್ತೆಯಲ್ಲಿದ್ದಾಗಲೇ ಚಾಲಕ ತೊಂಬತ್ಮೂರು ಬ್ರೇಕು ಬಿಡುತ್ತಾನೆ. ಸದ್ದಾಗುವುದಿಲ್ಲ. ಅವನನ್ನು ಕಾರಿನಿಂದ ತೆಗೆಯಬೇಕು."

ಇಂಗ್ರಿಡ್ ಕಾಯುತ್ತಿದ್ದಳು. ಇನ್ನೊಂದು ಮಾತು ಬಾಕಿ ಇತ್ತು.

"ಅಗತ್ಯ," ಅಂದ ನಾರ್ಬರ್ಟ್. ಮೇಜಿನ ಕೆಳಗೆ ಅವನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು. ಮಾತು ಮುಗಿದ ಮೇಲೂ ಅದನ್ನು ಎತ್ತಲು ಅವನಿಗೆ ಮನಸ್ಸಾಗಲಿಲ್ಲ.